ಹೆಣ್ಣೋ ಗಂಡೋ ಅಂತ ಎಲ್ಲಾರೂ ಕೇಳಿದ್ರು, ನೀರ ನಿಂತೇತಿ ಏನ ಅಂತ ಯಾರೂ ಕೇಳಲಿಲ್ಲ

2023ರ ದೀಪಾವಳಿ ಮುಗದ ನಾಕೈದ ದಿನಾ ಆಗಿತ್ತು. ನಾ ಬಾಗಲಕೋಟಿ ನವನಗರದಾಗ ಮನ್ಯಾಗ ಬ್ಲೌಸ್ ಹೊಲಿತೀನಿ, ಅವತ್ತ ಮುಂಜಾನೆ ಗುಳೇದಗುಡ್ಡ ಖಣ ಒಂದ ಕತ್ತರಿಸಾಕ ಕುಂತಿದ್ನಿ. ಹೊಸಾ ಖಣದ ವಾಸನಿ ಅಂದ್ರ ನನಗ ಜೀವ, ಅದು ನಮ್ಮ ತವರಮನಿ ವಾಸನಿ, ನಮ್ಮಪ್ಪ ಮಗ್ಗದ ಮ್ಯಾಲೆ ಕುಂತ ನೇಯ್ದ ನಮ್ಮನ್ನ ಸಾಕಿದಾಂವ. ಅವತ್ತ ಆ ಬಟ್ಟಿ ಮಡಿಕಿ ಬಿಚ್ಚಿದ್ನಿ ನೋಡ್ರಿ, ಗಂಜಿ ವಾಸನಿ ಮೂಗಿಗೆ ಬಡದಿದ್ದ ತಡ, ಎದ್ದ ಬಚ್ಚಲಕ್ಕ ಹೋಗಾಕ ಸೈತ ಆಗಲಿಲ್ಲ, ಕುಂತಲ್ಲೇ ವಾಂತಿ ಆತು. ಟೆಸ್ಟ್ ಮಾಡಿ ಬಸರಿ ಅಂತ ಗೊತ್ತಾಗಿ ಬರೇ ಒಂದ ವಾರ ಆಗಿತ್ತು, ಮನ್ಯಾಗ ಎಲ್ಲಾರೂ ನಕ್ರು, ನಾನೂ ನಕ್ನಿ. ಬಸರಿ ಹೆಂಗಸಿಗೆ ವಾಂತಿ ಆಗೋದು ಹೊಸಾದೇನಲ್ಲ ಬಿಡು ಅಂದ್ಕೊಂಡ್ವಿ.

ಆದ್ರ ಅದು ಮುಂಜಾನೆ ವಾಂತಿ ಆಗಿ ಮಧ್ಯಾಹ್ನಕ್ಕ ಬಿಡೋ ಅಂಥಾದ್ದಾಗಿರಲಿಲ್ಲ. ಒಂದ ವಾರ ಕಳೆಯೋದ್ರೊಳಗ ದಿನಕ್ಕ ಹತ್ತ ಸಲ, ಆಮ್ಯಾಲೆ ಹದಿನೈದ ಸಲ, ಆಮೇಲೆ ನಾ ಎಣಿಸೋದನ್ನ ಬಿಟ್ನಿ. ಅತ್ತಿ ಅಡಿಗಿಮನ್ಯಾಗ ಒಗ್ಗರಣಿಗೆ ಬಳ್ಳೊಳ್ಳಿ ಹಾಕಿದ್ರ ಆ ವಾಸನಿ ನನಗ ಹಾಸಿಗಿ ತನಕ ಬರ್ತಿತ್ತು. ವಾಸನಿ ಹೋಗ್ಲಿ, ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಸಾಕು ಹೊಟ್ಟಿ ತೊಳಸ್ತಿತ್ತು, ಹುಟ್ಟಿದಾಗಿಂದ ಕೇಳ್ಕೊಂತ ಬಂದ ಸಪ್ಪಳ ಅದು. ಬಾಯಾಗ ಜೊಲ್ಲ ತುಂಬಿ ತುಂಬಿ ಬರೋದು, ನುಂಗಿದ್ರ ಮತ್ತ ವಾಂತಿ, ಹಂಗಾಗಿ ಹಾಸಿಗಿ ಬಾಜೂಕ ಒಂದ ಸ್ಟೀಲ್ ಬೋಗುಣಿ ಇಟ್ಕೊಂಡ ಅದರಾಗ ಉಗುಳ್ಕೊಂತ ಮಲಗ್ತಿದ್ನಿ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಆ ಬೋಗುಣಿ ನಾನ ಎದ್ದ ಚೆಲ್ಲಿ ಬರಬೇಕು, ಬಚ್ಚಲ ಗ್ವಾಡಿ ಹಿಡ್ಕೊಂಡ ಹೋಗ್ತಿದ್ನಿ, ಕಾಲಾಗ ಶಕ್ತಿನ ಇರ್ತಿರಲಿಲ್ಲ.

ಮನಿಗೆ ಬಂದ ಹೋದವರಿಗೆಲ್ಲಾ ನಾ ಒಂದ ಕಣಿ ಹೇಳೋ ಪುಸ್ತಕ ಆದಂಗ ಆಗಿತ್ತು. ಬಾಜೂ ಮನಿ ಅಕ್ಕ ಬಂದು ನೋಡಿ "ಇಷ್ಟ ವಾಂತಿ ಅಂದ್ರ ಹೆಣ್ಣ ಬಿಡವಾ" ಅಂದ್ಲು. ಹಿಂದಿನ ಓಣಿ ಆಯಿ ಒಬ್ಬಾಕಿ "ಕೂಸಿನ ತೆಲಿ ತುಂಬ ಕೂದಲ ಅದಾವ, ಅದಕ್ಕ ಹಿಂಗ" ಅಂದ್ಲು. ನಮ್ಮ ಮನಿಯವರ ಚಿಗವ್ವ ಜಮಖಂಡಿಯಿಂದ ಬಂದಾಕಿ ನನ್ನ ಮುಖಾನ ಕೈಯಾಗ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಮಾರಿ ಎಷ್ಟ ಕಳಾ ಕಳಕೊಂಡೇತಿ ನೋಡು, ಹೆಣ್ಣಗೂಸು ತಾಯಿ ಚೆಲುವಿಕಿ ಎಲ್ಲಾ ತಾ ತಗೋತೈತಿ" ಅಂದ್ಲು. ಇದು ನಮ್ಮ ಕಡಿ ಮಾತ ಅಂತ ನಾ ತಿಳಕೊಂಡಿದ್ನಿ, ಆದ್ರ ಗ್ರೀಸ್ ದೇಶದ ಹಿಪ್ಪೋಕ್ರೇಟಿಸ್ ಹೆಸರಿನ ಹಳೇ ವೈದ್ಯ ಗ್ರಂಥದಾಗ, ಅಂದ್ರ ಎರಡ ಸಾವಿರ ವರ್ಷಕ್ಕಿಂತ ಹಿಂದ, ಗಂಡ ಇದ್ರ ಬಸರಿ ಮುಖಕ್ಕ ಕಳಾ ಇರತೈತಿ, ಹೆಣ್ಣ ಇದ್ರ ಕಳಾ ಇರಂಗಿಲ್ಲ ಅಂತ ಬರದಿಟ್ಟಾರಂತ. ಎಲ್ಲಿ ಗ್ರೀಸು ಎಲ್ಲಿ ಜಮಖಂಡಿ.

ಹೆಣ್ಣ ಅಂದಿದ್ದಕ್ಕ ನನಗ ಸಿಟ್ಟ ಬಂದಿರಲಿಲ್ಲ, ಹೆಣ್ಣಾದ್ರೂ ನನಗ ಕೂಸ ಕೂಸ. ನನಗ ಕೆಟ್ಟ ಅನಸಿದ್ದು ಬ್ಯಾರೆ. ಹೆಣ್ಣ ಅಂತ ತಾವ ತೀರ್ಮಾನ ಮಾಡಿದ ಮ್ಯಾಲೆ ನನ್ನ ವಾಂತಿ ಅವರಿಗೆ ರೋಗ ಆಗಿ ಕಾಣಲೇ ಇಲ್ಲ, ಅದು ಒಂದ ಗುರುತ ಆಗಿ ಕಂಡ್ತು. ಗುರುತಿಗೆ ಯಾರ ಔಷಧ ಕೊಡ್ತಾರ? "ಹೆಣ್ಣಿನ ವಾಂತಿ ಹಂಗ ಇರತೈತಿ, ಮೂರ ತಿಂಗಳ ತಡಕೋ" ಅಂದ್ರು. ತಡಕೊಂಡ್ನಿ. ಮನಿ ಹತ್ರದ ಒಂದ ಸಣ್ಣ ಕ್ಲಿನಿಕ್ಕಿಗೆ ಹೋದ್ರ ಅಲ್ಲೂ ಅದ, ಎಲ್ಲಾರಿಗೂ ಆಗತೈತಿ ಅಂತ ರಾತ್ರಿ ತಗೊಳ್ಳಾಕ ಡಾಕ್ಸಿಲಾಮೈನ್ ಗುಳಿಗಿ ಬರದಕೊಟ್ರು. ಗುಳಿಗಿ ಕೆಟ್ಟದ್ದಲ್ಲ, ಬಸರಿ ವಾಂತಿಗೆ ಮೊದಲ ಕೊಡೋದ ಅದು, ಬಿ6 ವಿಟಮಿನ್ ಜೋಡಿ. ಆದ್ರ ನುಂಗಿದ ಹತ್ತ ನಿಮಿಷಕ್ಕ ಗುಳಿಗಿನೂ ಹೊರಗ ಬೀಳ್ತಿತ್ತಲ್ಲ. ಅಲ್ಲಿ ನನ್ನ ತೂಕ ನೋಡಲಿಲ್ಲ, ಮೂತ್ರ ಟೆಸ್ಟ್ ಮಾಡಲಿಲ್ಲ, ನೀರ ಕುಡಿದ್ರ ನಿಲ್ಲತೈತಿ ಏನ ಅಂತ ಸೈತ ಕೇಳಲಿಲ್ಲ.

ಚಿಗವ್ವ ಹೋಗೋ ದಿನ ಇನ್ನೊಂದ ಮಾತ ಆಡಿ ಹೋದ್ಲು, ಇದನ್ನ ಬರೀಬೇಕೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದ್ನಿ, ಬರೀತೀನಿ. ಮಹಾರಾಷ್ಟ್ರ ಬಾರ್ಡರ್ ದಾಟಿದ್ರ ಅಲ್ಲೆ ಗೊತ್ತಿರೋರ ಅದಾರ, ಏನೈತಿ ಅಂತ ನೋಡಿ ಹೇಳ್ತಾರ, ಸುಮ್ನ ಇಷ್ಟ ಕಷ್ಟಪಟ್ಟ ಹೆಣ್ಣ ಹಡಿಯೋದ್ಯಾಕ ಅಂತ. ನಾ ಹಾಸಿಗಿ ಮ್ಯಾಲೆ ಮಲಗಿದ್ನಿ, ಬಾಗಲಾ ತೆರದಿತ್ತು, ಎಲ್ಲಾ ಕೇಳಸ್ತಿತ್ತು. 2017ರ ಮಾರ್ಚ್‌ನ್ಯಾಗ ಸಾಂಗ್ಲಿ ಜಿಲ್ಲಾ ಮ್ಹೈಸಾಳದಾಗ 19 ಭ್ರೂಣ ಹುಗದಿದ್ದು ಸಿಕ್ಕಿದ್ವಲ್ಲ, ಒಬ್ಬಾಕಿ ಬಸರಿ ಹೆಂಗಸು ಸತ್ತ ಮ್ಯಾಲೆ ಅದು ಹೊರಗ ಬಂದಿತ್ತು, ಆ ಸುದ್ದಿ ಟೀವಿಯಾಗ ನೋಡಿದ್ದು ನನಗ ಕಣ್ಣಮುಂದ ಬಂತು. ನಮ್ಮ ಮನಿಯವರು ಅವತ್ತ ಒಂದ ಮಾತ ಆಡಲಿಲ್ಲ, ತೆಲಿ ಕೆಳಗ ಹಾಕ್ಕೊಂಡ ಕುಂತ್ರು, ಅವರು ಸುಮ್ನ ಕುಂತಿದ್ದು ನನಗ ವಾಂತಿಗಿಂತ ಹೆಚ್ಚ ಹಣ್ಣ ಮಾಡ್ತು. ಮರದಿನ ಅವರ ಚಿಗವ್ವಗ ಫೋನ್ ಹಚ್ಚಿ "ಇಂಥಾ ಮಾತ ನಮ್ಮ ಮನ್ಯಾಗ ಇನ್ನೊಮ್ಮೆ ಬ್ಯಾಡ ಚಿಗವ್ವಾ" ಅಂದ್ರು. ಅಂದ್ರು ನಿಜ, ಒಂದ ರಾತ್ರಿ ತಡಾ ಆಗಿ ಅಂದ್ರು.

ಅದ ವಾರ ಗುಳೇದಗುಡ್ಡದಿಂದ ಅವ್ವ ಬಸ್ ಹತ್ತಿ ಬಂದ್ಲು. ಬಂದಾಕಿ ಚೀಲ ಸೈತ ಕೆಳಗ ಇಡಲಿಲ್ಲ, ನನ್ನ ಬಾಜೂಕ ಕುಂತು ನನ್ನ ಮುಂಗೈ ಮ್ಯಾಲಿನ ತೊಗಲ ಎರಡ ಬೆರಳಿಲೆ ಚಿವುಟಿ ಎತ್ತಿ ಬಿಟ್ಲು. ಆ ತೊಗಲ ಕೆಳಗ ಇಳಿಲಿಲ್ಲರಿ, ಬಟ್ಟಿಗೆ ಹಾಕಿದ ನಿರಿಗಿ ಗತೆ ಹಂಗ ನಿಂತಿತ್ತು, ಆಮ್ಯಾಲೆ ಸಾವಕಾಶ ಇಳೀತು. ಸಣ್ಣ ಹುಡುಗೂರಿಗೆ ಭೇದಿ ಆದಾಗ ಹಿಂಗ ಚಿವುಟಿ ನೋಡಬೇಕಂತ ಅವ್ವಗ ಊರಾಗಿನ ಆಶಾ ಅಕ್ಕ ಯಾವಾಗೋ ತೋರಿಸಿಕೊಟ್ಟಿದ್ಲಂತ. "ಒಂದಕ್ಕ ಯಾವಾಗ ಹೋಗಿದ್ದಿ?" ಅಂತ ಕೇಳಿದ್ಲು. ನಿನ್ನೆ ರಾತ್ರಿ ಹೋಗಿದ್ನಿ ಅನಸತೈತಿ ಅಂದ್ನಿ, ಆಗ ಮಧ್ಯಾಹ್ನ ಎರಡ ಗಂಟೆ ಆಗಿತ್ತು. ಅವ್ವ ಎದ್ದ ನಿಂತು ಅತ್ತಿಗೆ "ಬೀಗತಿ, ಇದು ಹೆಣ್ಣಿಂದೂ ಅಲ್ಲ ಗಂಡಿಂದೂ ಅಲ್ಲ, ನನ್ನ ಮಗಳ ಒಣಗಾಕತ್ತಾಳ" ಅಂದ್ಲು. ಅಷ್ಟ ಅಂದು ಆಟೋ ತರಿಸಿದ್ಲು.

ದೊಡ್ಡ ದವಾಖಾನಿಯಾಗ ಮೊದಲ ತೂಕ ನೋಡಿದ್ರು, 47 ಕೆಜಿ. ಬಸರಿ ಆಗೋಕಿಂತ ಮೊದಲ ನಾ 52 ಇದ್ನಿ, ತಾಯಿ ಕಾರ್ಡಿನ್ಯಾಗ ಬರದಿತ್ತು. ತೂಕ ನೂರಕ್ಕ 5ಕ್ಕಿಂತ ಹೆಚ್ಚ ಇಳದ್ರ ಅದು ಬರೇ ವಾಂತಿ ಅಲ್ಲ, ಅದಕ್ಕ ಹೈಪರ್‌ಎಮೆಸಿಸ್ ಗ್ರ್ಯಾವಿಡಾರಮ್ ಅಂತಾರ ಅಂತ ಮೇಡಂ ಹೇಳಿದ್ರು, ನಂದು ಹತ್ತರ ಹತ್ರ ಇಳದಿತ್ತು. ಆಮ್ಯಾಲೆ ಮೂತ್ರ. ಹೊಯ್ಯಾಕ ಬರವಲ್ದು, ಹೆಂಗೋ ಮಾಡಿ ಬಾಟ್ಲಿಯೊಳಗ ಸ್ವಲ್ಪ ಹಿಡದ್ನಿ, ಕಡಕ್ ಚಾ ಬಣ್ಣ ಇತ್ತು. ಸಿಸ್ಟರ್ ಒಬ್ರು ಒಂದ ಸಣ್ಣ ಪಟ್ಟಿ ಅದರಾಗ ಎದ್ದಿ ತಗದು ಡಬ್ಬಿ ಮ್ಯಾಲಿನ ಬಣ್ಣಕ್ಕ ಹಚ್ಚಿ ನೋಡಿದ್ರು, ನಾನೂ ಬಗ್ಗಿ ನೋಡಿದ್ನಿ, ಅದರಾಗಿನ ಒಂದ ಚೌಕ ಮೊದಲ ತಿಳಿ ಬಣ್ಣ ಇದ್ದದ್ದು ಕಣ್ಣ ಮುಂದ ಕೆಂಪಾಗಿ, ಬದನಿಕಾಯಿ ಬಣ್ಣಕ್ಕ ತಿರುಗ್ತು. "ಕೀಟೋನ್ ಮೂರ ಪ್ಲಸ್" ಅಂದ್ರು. ಹೊಟ್ಟಿಗೆ ಏನೂ ಇಲ್ದಾಗ ಮೈ ತನ್ನ ಕೊಬ್ಬನ್ನ ತಾನ ಕರಗಿಸಿ ಸುಡತೈತಿ, ಆವಾಗ ಈ ಕೀಟೋನ್ ಬರತೈತಿ ಅಂತ. ರಕ್ತದಾಗ ಪೊಟ್ಯಾಸಿಯಂ ಅನ್ನೋ ಉಪ್ಪಿನ ಅಂಶ 2.9, ಅದು 3.5ರ ಮ್ಯಾಲೆ ಇರಬೇಕಿತ್ತು. ಪೊಟ್ಯಾಸಿಯಂ ಭಾಳ ಇಳದ್ರ ಎದಿ ಬಡಿತಾನ ತಪ್ಪತೈತಿ ಅಂತ ತಿಳದಾಗ ಅವ್ವ ಸೆರಗ ಬಾಯಿಗೆ ಹಿಡ್ಕೊಂಡ ಕುಂತ್ಲು.

ಸಲಾಯಿನ್ ಹಚ್ಚಾಕ ನರ ಸಿಗವಲ್ದು, ಮೂರ ಸಲ ಚುಚ್ಚಿದ್ರು. ಮೊದಲ ಬಿ1, ಥಯಾಮಿನ್ ಅಂತಾರಲ್ಲ ಅದನ್ನ ಕೊಟ್ರು. ವಾರಗಟ್ಟಲೆ ಊಟ ಇಲ್ದವರಿಗೆ ಬಿ1 ಕೊಡದ ಗ್ಲುಕೋಸ್ ಏರಿಸಿದ್ರ ಮಿದುಳಿಗೆ ಪೆಟ್ಟ ಆಗೋ ಸಾಧ್ಯತಾ ಇರತೈತಿ ಅಂತ ಮೇಡಂ ನನಗ ಬಿಡಿಸಿ ಹೇಳಿದ್ರು. ಮನಿಗೇ ಕಂಪೌಂಡರ್ ಕರಸಿ ಗ್ಲುಕೋಸ್ ಬಾಟ್ಲಿ ಏರಿಸಿಕೊಳ್ಳೋ ರೂಢಿ ನಮ್ಮ ಕಡಿ ಭಾಳ ಐತಿ, ಅದಕ್ಕ ಈ ಮಾತ ಬರೀಲೇಬೇಕಂತ ಬರದೀನಿ. ಆಮ್ಯಾಲೆ ರಿಂಗರ್ ಲ್ಯಾಕ್ಟೇಟ್ ಅನ್ನೋ ಸಲಾಯಿನ್ ಬಾಟ್ಲಿ, ಪೊಟ್ಯಾಸಿಯಂ, ವಾಂತಿಗೆ ಒಂಡಾನ್ಸೆಟ್ರಾನ್ ಇಂಜೆಕ್ಷನ್. ಎರಡ ಬಾಟ್ಲಿ ಮುಗದಾಗ ರಾತ್ರಿ ಹನ್ನೊಂದ ಆಗಿತ್ತು, ನಾ ಒಂದ ಚಮಚಾ ನೀರ ಕುಡದ್ನಿ, ಅದು ಹೊಟ್ಯಾಗ ನಿಂತ್ತು. ಅಷ್ಟ. ಆ ಒಂದ ಚಮಚಾ ನೀರ ನಿಂತಿದ್ದಕ್ಕ ನಾ ಅತ್ತಷ್ಟ ನನ್ನ ಮದುವಿ ದಿನಾನೂ ಅತ್ತಿರಲಿಲ್ಲ.

ಮರದಿನ ಸ್ಕ್ಯಾನಿಂಗ್. ಅವಳಿ ಜವಳಿ ಇದ್ರೂ ಇಷ್ಟ ವಾಂತಿ ಆಗತೈತಿ, ಇಲ್ಲಾ ಕೂಸಿನ ಬದಲಿ ದ್ರಾಕ್ಷಿ ಗೊಂಚಲದಂಥ ಗಡ್ಡಿ ಬೆಳದಿದ್ರೂ ಆಗತೈತಿ, ಅದನ್ನ ನೋಡಬೇಕಂತ ಕಳಿಸಿದ್ರು, ಥೈರಾಯ್ಡ್ ಸೈತ ನೋಡಿದ್ರು. ಒಳಗ ಹೋಗೋಕಿಂತ ಮೊದಲ ಒಂದ ಫಾರ್ಮ್ ಮ್ಯಾಲೆ ಸಹಿ, ಕೂಸಿನ ಲಿಂಗ ತಿಳಕೊಳ್ಳೋ ಇಚ್ಛಾ ನನಗಿಲ್ಲ ಅಂತ. ಗ್ವಾಡಿ ಮ್ಯಾಲೆ 1994ರ ಕಾಯ್ದೆ ಬೋರ್ಡ್, ಲಿಂಗ ಪತ್ತೆ ಮಾಡೋದು ಅಪರಾಧ ಅಂತ. ಹೇಳಿದವರಿಗೆ ಅಷ್ಟ ಅಲ್ಲ, ಕೇಳ್ಕೊಂಡ ಹೋದ ಗಂಡಗೂ ಮನಿ ಮಂದಿಗೂ ಜೈಲ ಐತಿ ಅಂತ ನಮ್ಮ ಮನಿಯವರು ಅಲ್ಲೇ ನಿಂತ ಪೂರಾ ಓದಿದ್ರು. ಸ್ಕ್ರೀನಿನ್ಯಾಗ ಒಂದ ಶೇಂಗಾ ಕಾಳಷ್ಟ ಏನೋ, ಅದರ ನಡಬರಕ ಪಟಪಟ ಅಂತ ಬಡ್ಕೊಳ್ಳಾಕತ್ತಿತ್ತು. ಒಂದ ಕೂಸು, ಎಲ್ಲಾ ಸರಿ ಐತಿ ಅಂದ್ರು. ಅದರ ಹಿಂದಿನ ವಾರ ಬಚ್ಚಲದಾಗ ಕುಂತು, ದೇವ್ರೇ ಈ ಕೂಸ ಬ್ಯಾಡ, ಇದು ಹೋದ್ರೂ ಅಡ್ಡಿ ಇಲ್ಲ, ನನಗ ಇದೊಂದ ನಿಲ್ಲಲಿ ಅಂತ ಬೇಡ್ಕೊಂಡಿದ್ನಿ. ಆ ಬಡಿತ ನೋಡಿದ ಮ್ಯಾಲೆ ಆ ಮಾತ ಮನಸಿನ್ಯಾಗ ಚುಚ್ಚಿ ಚುಚ್ಚಿ ಇಟ್ತು. ಮೇಡಂಗ ಹೇಳಿದ್ರ ಅವರು ನನ್ನ ಕೈ ಹಿಡಿದು, "ಈ ವಾರ್ಡಿಗೆ ಬಂದವರಲ್ಲಿ ಇದನ್ನ ಬಾಯಿಬಿಟ್ಟ ಹೇಳೋರು ಕಡಿಮಿ ತಂಗಿ, ಅನಿಸೋದು ಭಾಳ ಮಂದಿಗೆ ಅನಿಸ್ತದ" ಅಂದ್ರು.

ಅವತ್ತ ಧೈರ್ಯ ಮಾಡಿ ಕೇಳಿಬಿಟ್ನಿ, ಮೇಡಂ ಹೆಣ್ಣ ಇದ್ರ ಹಿಂಗ ವಾಂತಿ ಆಗತೈತಿ ಅಂತಾರ, ಖರೇನ ಏನ್ರಿ ಅಂತ. ಬೈತಾರ ಅಂದ್ಕೊಂಡಿದ್ನಿ, ಬೈಲಿಲ್ಲ, ನನ್ನ ಫೈಲ್ ಹಿಂದಿನ ಹಾಳ್ಯಾಗ ಬರದ ತೋರಿಸಿದ್ರು. ಸ್ವೀಡನ್ ದೇಶದಾಗ ಇದನ್ನ ಲೆಕ್ಕ ಹಾಕಿ ನೋಡ್ಯಾರ, 1999ರಾಗ ಲ್ಯಾನ್ಸೆಟ್ ಅನ್ನೋ ಪತ್ರಿಕೆಯೊಳಗ ಬಂದೈತಿ. ಸಾದಾ 100 ಹೆರಿಗಿಯೊಳಗ ಹತ್ರಾಹತ್ರ 49 ಹೆಣ್ಣು, 51 ಗಂಡು. ನನ್ನಂಗ ಮೊದಲ ಮೂರ ತಿಂಗಳದಾಗ ವಾಂತಿಗೆ ದವಾಖಾನಿ ಸೇರಿದವರಲ್ಲಿ 100ಕ್ಕ 56 ಹೆಣ್ಣು, 44 ಗಂಡು. ಹೆಣ್ಣಗೂಸು ಇದ್ದಾಗ ಎಚ್‌ಸಿಜಿ ಅನ್ನೋ ಹಾರ್ಮೋನ್ ಸ್ವಲ್ಪ ಹೆಚ್ಚ ಇರತೈತಿ, ಅದಕ್ಕಿರಬಹುದು ಅಂತಾರ. "ಅಂದ್ರ ಮಾತಿನ್ಯಾಗ ಒಂದ ಎಳಿ ಖರೆ ಐತಿ" ಅಂದ್ರು ಮೇಡಂ, "ಆದ್ರ ನಿನ್ನಂಥಾ ನೂರ ಮಂದಿ ಇಲ್ಲೆ ಮಲಗಿದ್ರ 44 ಮಂದಿ ಗಂಡ ಹಡೀತಾರ, ಆ ನಲವತ್ತನಾಲ್ಕರಾಗ ನೀ ಅದಿಯೋ ಐವತ್ತಾರರಾಗ ಅದಿಯೋ ಈ ವಾಂತಿ ಹೆಂಗ ಹೇಳ್ತದ?" ಆ ಹಾಳಿ ಹರಕೊಂಡ ಬಂದೀನಿ, ಹೊಲಿಗಿ ಮಶಿನ್ ಡ್ರಾದಾಗ ಇನ್ನೂ ಐತಿ.

ಬಾಜೂ ಬೆಡ್ಡಿನ್ಯಾಗ ಬೀಳಗಿ ಕಡಿಯಾಕಿ ಒಬ್ಬಾಕಿ ಇದ್ಲು, ನನಗಿಂತ ಬಡಕ ಆಗಿದ್ಲು. ಅಕಿಗೆ ಇದು ಎರಡನೇದ್ದು, ಮೊದಲನೇದ್ದು ಗಂಡ, ಆವಾಗೂ ಹಿಂಗ ಸಲಾಯಿನ್ ಮ್ಯಾಲೆ ಇದ್ಲಂತ. ಅಕಿ ಮನ್ಯಾಗ ಏನಂತಿದ್ರಂದ್ರ, ಹೋದ ಸಲ ವಾಂತಿ ಆಗಿ ಗಂಡ ಆತು, ಈ ಸಲನೂ ವಾಂತಿ, ಹಂಗಾದ್ರ ಗಂಡ. ಅಲ್ಲೂ ಅಕಿ ನೀರ ಕುಡದಾಳೋ ಇಲ್ಲೋ ಅನ್ನೋದು ಹಿಂದ ಬಿದ್ದಿತ್ತು. ಇಂಗ್ಲೆಂಡಿನ ರಾಜಮನಿತನದ ಸೊಸಿ ಕೇಟ್‌ಗೆ ಮೂರ ಸಲಾನೂ ಇದ ರೋಗ ಇತ್ತು, 2013ರಾಗ ಗಂಡ, 2015ರಾಗ ಹೆಣ್ಣ, 2018ರಾಗ ಗಂಡ. ಒಂದ್ಸಲ ಆದವರಿಗೆ ಮತ್ತ ಬರೋ ಸಾಧ್ಯತಾ ಭಾಳ ಇರತೈತಿ.

ನಾ ಆ ವಾರ್ಡಿನ್ಯಾಗ ಮಲಗಿದ್ದ ಅದ 2023ರ ಡಿಸೆಂಬರ್‌ನ್ಯಾಗ ನೇಚರ್ ಪತ್ರಿಕೆಯೊಳಗ ಇದರ ಕಾರಣಾನ ಬಂದಿತ್ತಂತ, ನನಗ ಗೊತ್ತಾಗಿದ್ದು ಆಮ್ಯಾಲೆ. ಜಿಡಿಎಫ್15 ಅಂತ ಒಂದ ಹಾರ್ಮೋನ್, ಕೂಸು ಮತ್ತ ಕಸ, ಅಂದ್ರ ಮಾಸದಿಂದ ತಾಯಿ ರಕ್ತಕ್ಕ ಬರತೈತಿ, ಮಿದುಳಿಗೆ ಹೋಗಿ ವಾಕರಿಕಿ ತರಸತೈತಿ. ಬಸರಿ ಆಗೋಕಿಂತ ಮೊದಲ ಯಾರ ಮೈಯಾಗ ಅದು ಕಡಿಮಿ ಇರತೈತೋ ಅವರಿಗೆ ರೂಢಿ ಇರಂಗಿಲ್ಲ, ಒಮ್ಮೆಲೆ ಏರಿದಾಗ ತಡಕೊಳ್ಳಾಕ ಆಗಂಗಿಲ್ಲ. ಖಾರ ತಿಂದ ರೂಢಿ ಇಲ್ದವಗ ಒಮ್ಮೆಲೆ ಮೆಣಸಿನಕಾಯಿ ಚಟ್ನಿ ತಿನಿಸಿದಂಗ. ಇದನ್ನ ಹುಡುಕಿದವರಲ್ಲಿ ಮಾರ್ಲೀನಾ ಫೇಜೋ ಅನ್ನೋ ಹೆಣ್ಣಮಗಳು ಒಬ್ಬಾಕಿ, 1999ರಾಗ ತನಗ ಇದ ರೋಗ ಬಂದು ಹೊಟ್ಯಾಗಿನ ಕೂಸ ಕಳಕೊಂಡಾಕಿ. ಅಕಿ ಫೋಟೋ ನೋಡಿದಾಗ ನನಗ ಯಾಕೋ ನಮ್ಮ ಓಣಿಯಾಕಿನ ಅನಿಸಿಬಿಟ್ಟಿತು.

ನಾಕ ದಿನಕ್ಕ ಬಿಟ್ರು, ಆಮ್ಯಾಲೆ ಇನ್ನೂ ಎರಡ ಸಲ ಸೇರಿದ್ನಿ. ಮನ್ಯಾಗ ಇದ್ದಾಗ ನಾಲಿಗಿ ಮ್ಯಾಲೆ ಇಟ್ರ ಕರಗೋ ಒಂಡಾನ್ಸೆಟ್ರಾನ್ ಗುಳಿಗಿ ಬರದಿದ್ರು, ಅದಕ್ಕ ಮಲಬದ್ಧತೆ ಆಗ್ತಿತ್ತು, ಆದ್ರೂ ಅದು ನನ್ನ ನಡಿಸ್ತು. ಬಿಸಿ ಅಡಿಗಿ ಏನೂ ಸೇರ್ತಿರಲಿಲ್ಲ, ಬಿಸಿ ಇದ್ರ ವಾಸನಿ ಏಳತೈತಲ್ಲ, ತಣ್ಣಂದ ತಿಂತಿದ್ನಿ, ಒಣಾ ಚುರುಮುರಿ ನಾಕ ಕಾಳ, ತಣ್ಣನ ಮೊಸರನ್ನ ಎರಡ ಚಮಚಾ, ಬರ್ಫದ ತುಣುಕ. ಸಂಕ್ರಾಂತಿ ಹೊತ್ತಿಗೆ ಬಾರಿಹಣ್ಣ ಬಂದ್ವು, ಹುಳಿ ಬಾರಿಹಣ್ಣ ಬಾಯಾಗ ಇಟ್ಕೊಂಡ್ರ ಆ ಜೊಲ್ಲ ಸ್ವಲ್ಪ ಕಡಿಮಿ ಆಗೋದು, ನಮ್ಮ ಮನಿಯವರು ದಿನಾ ಸಂಜಿಕೆ ಕಿಸೆ ತುಂಬ ತರ್ತಿದ್ರು.

ಮೂರನೇ ಸಲ ದವಾಖಾನಿಯಿಂದ ಬಂದ ರಾತ್ರಿ ಅತ್ತಿ ಬಂದು ನನ್ನ ಕಾಲ ಹತ್ರ ಕುಂತು ಪಾದಕ್ಕ ಎಣ್ಣಿ ತಿಕ್ಕಾಕ ಹತ್ತಿದ್ರು. ಬ್ಯಾಡ್ರಿ ಅತ್ತಿ ಅಂದ್ರೂ ಬಿಡಲಿಲ್ಲ. ಸ್ವಲ್ಪ ಹೊತ್ತ ಆದ ಮ್ಯಾಲೆ, ದೀಪದ ಕಡಿ ನೋಡ್ಕೊಂತ, "ನಿನ್ನ ಗಂಡ ಹೊಟ್ಯಾಗಿದ್ದಾಗ ನನಗೂ ಐದ ತಿಂಗಳ ಹಿಂಗ ಆಗಿತ್ತವಾ, ದನದ ಕೊಟಗಿಯಾಗ ಹೋಗಿ ಮಲಗ್ತಿದ್ನಿ, ಅಡಿಗಿ ವಾಸನಿ ಬರಬಾರದಂತ. ಇಬ್ಬರ ಹೆಣ್ಣಮಕ್ಕಳಿಗೆ ಏನೂ ಆಗಲಿಲ್ಲ" ಅಂದ್ರು. ನಾ ಎದ್ದ ಕುಂತ್ನಿ. ಹಂಗಾದ್ರ ನನಗ ಹೆಣ್ಣ ಅಂತ ಯಾಕಂದ್ರಿ ಅತ್ತಿ ಅಂದ್ನಿ. ಭಾಳ ಹೊತ್ತ ಮಾತಾಡಲಿಲ್ಲ. "ಎಲ್ಲಾರೂ ಹಂಗ ಅಂತಾರ, ನಾನೂ ಅಂದ್ನಿ. ನಂದು ನನಗ ನೆನಪ ಆಗಲೇ ಇಲ್ಲ ನೋಡು" ಅಂದ್ರು. ಅವರಿಗೂ ಆವಾಗ ಯಾರೂ ನೀರ ಕೇಳಿರಲಿಕ್ಕಿಲ್ಲ.

19 ವಾರ ಆದ ಮ್ಯಾಲೆ ಒಂದಿನ ಮುಂಜಾನೆ ಎದ್ನಿ, ಹಸಿವಿ ಆಗಿತ್ತು. ಅದೇನ ಅಂತ ತಿಳೀಲಿಕ್ಕ ಸ್ವಲ್ಪ ಹೊತ್ತ ಬೇಕಾತು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರ, ಕುಂತ ಉಂಡ್ನಿ. ಏಳ ತಿಂಗಳಿಗೆ ಕುಬಸ ಮಾಡಿದ್ರು, ಹಸರ ಸೀರಿ, ಹಸರ ಬಳಿ, ನನ್ನ ಕುಬಸ ನಾನ ಹೊಲಕೊಂಡ್ನಿ, ಅಳತಿ ಹಿಡದಾಗ ತೋಳ ಹಳೇದಕ್ಕಿಂತ ಒಂದ ಇಂಚ ಸಣ್ಣ ಬಂತು.

2024ರ ಜುಲೈದಾಗ ಹೆರಿಗಿ ಆತು. ಹೆಣ್ಣ. ಎರಡ ಕೆಜಿ ಆರನೂರ ಗ್ರಾಂ. ಚಿಗವ್ವ ಫೋನಿನ್ಯಾಗ "ನೋಡು, ನಾ ಅಂದಿರಲಿಲ್ಲ?" ಅಂದ್ಲು, ಓಣಿಯವರೂ ಅದ ಅಂದ್ರು, ಇನ್ನ ಮ್ಯಾಲೆ ಹತ್ತ ಮಂದಿಗೆ ನನ್ನ ಉದಾಹರಣಿ ಕೊಡ್ತಾರ ಅಂತ ನನಗ ಗೊತ್ತು. ಎರಡ ವಾರದ ಹಿಂದ ಬೀಳಗಿಯಾಕಿ ಫೋನ್ ಮಾಡಿದ್ಲು, ಅಕಿಗೆ ಮತ್ತ ಗಂಡ. ಅಕಿ ಮನ್ಯಾಗೂ ಹಂಗ ಅಂದಿರ್ತಾರ. ಒಂದ ವಾರ್ಡು, ಬಾಜೂ ಬಾಜೂ ಬೆಡ್ಡು, ಒಂದ ಔಷಧ, ಇಬ್ಬರ ಪಟ್ಟಿನೂ ಅದ ಬದನಿಕಾಯಿ ಬಣ್ಣ. ನನ್ನ ಮಗಳ ಬಗ್ಗೆ ನನ್ನ ವಾಂತಿ ಏನೂ ಹೇಳಿರಲಿಲ್ಲ, ನನ್ನ ಬಗ್ಗೆ ಹೇಳಾಕತ್ತಿತ್ತು, ನೀರ ಇಲ್ಲ, ಉಪ್ಪ ಇಲ್ಲ, ತೂಕ ಇಳದೈತಿ ಅಂತ.

ಹೋದ ತಿಂಗಳ ನಮ್ಮ ಸಣ್ಣ ನಾದಿನಿ ಫೋನ್ ಬಂತು, ಮುಧೋಳಕ್ಕ ಕೊಟ್ಟೀವಿ ಅಕಿನ್ನ, ಏಳನೇ ವಾರ. "ವೈನಿ, ಭಾಳ ವಾಂತಿ ಆಗಾಕತ್ತೇತಿ, ಇವರ ಮನ್ಯಾಗ ಎಲ್ಲಾರೂ ಹೆಣ್ಣ ಅಂತಾರ, ನಿಮಗೂ ಹಿಂಗ ಆಗಿತ್ತಲ್ಲ, ನಿಮಗೇನ ಅನಸತೈತಿ?" ಅಂದ್ಲು.

"ಮುಂಜಾನಿಂದ ಎಷ್ಟ ಸಲ ಒಂದಕ್ಕ ಹೋಗಿದ್ದಿ?" ಅಂದ್ನಿ.

ಅಕಿ ಸುಮ್ನಾದ್ಲು. "ಒಂದ ಸಲ. ಸ್ವಲ್ಪ. ಕೆಂಪಗ."

"ನೀರ ನಿಲ್ಲತೈತಿ?"

"ಇಲ್ರಿ ವೈನಿ."

ಬಾಜೂಕ ಅತ್ತಿ ನಿಂತಿದ್ರು, ನನ್ನ ಕೈಯಾಗಿನ ಫೋನ್ ತಗೊಂಡ್ರು. "ಯವ್ವಾ, ತಾಯಿ ಕಾರ್ಡ್ ತಗೋ, ಚಪ್ಪಲಿ ಹಾಕ್ಕೋ, ಅಲ್ಲೇ ದವಾಖಾನಿಗೆ ನಡಿ" ಅಂದ್ರು. "ನಾವ ಈಗ ಬಸ್ ಹತ್ತತೀವಿ."